ಮಳೆಗಾಲದಲ್ಲಿ ಶ್ರವಣ ಸಾಧನದ ಸೆಲ್ ಬೇಗ ಮುಗಿಯುವುದೇಕೆ?

ಜೂನ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ತೇವ ಹಿರಿಯರ ಕಿವಿಯಲ್ಲಿರುವ ಶ್ರವಣ ಸಾಧನವನ್ನೂ ಬಿಡುವುದಿಲ್ಲ. ವಾರ ಬರಬೇಕಾದ ಸೆಲ್ ಮೂರ್ನಾಲ್ಕು ದಿನಕ್ಕೇ ಮುಗಿಯುತ್ತದೆ. ಮತ್ತೆ ಮತ್ತೆ ಸೆಲ್ ತರಲು ಹೇಳುವುದಕ್ಕೆ ಸಂಕೋಚಪಟ್ಟು ಅವರು ಸಾಧನವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಮೊಮ್ಮಕ್ಕಳ ಮಾತು, ಜುಮಾ ಖುತ್ಬಾ, ರಸ್ತೆಯಲ್ಲಿ ವಾಹನದ ಹಾರ್ನ್ ಎಲ್ಲದರಿಂದಲೂ ದೂರವಾಗುತ್ತಾರೆ. ಸಾಧನ ಕೆಟ್ಟಿದೆ ಎನ್ನುವ ಮೊದಲು ಕೆಲವು ವಿಷಯಗಳನ್ನು ನೀವೇ ಪರಿಶೀಲಿಸಿ.

ಚಾರ್ಜ್ ಮಾಡಲಾಗದ ಸಾಧನಗಳಲ್ಲಿ ಸಾಮಾನ್ಯವಾಗಿ ಝಿಂಕ್-ಏರ್ ಸೆಲ್ ಇರುತ್ತದೆ. ಅದರ ಮೇಲಿನ ಅಂಟುಚೀಟಿ ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೋಗಿ ವಿದ್ಯುತ್ ಹುಟ್ಟುತ್ತದೆ. ಗಾಳಿಯೊಂದಿಗೆ ತೇವವೂ ಸೇರಿದರೆ ಸೆಲ್ಲಿನ ಶಕ್ತಿ ಕುಂದುತ್ತದೆ. ಚೀಟಿಯನ್ನು ಮತ್ತೆ ಅಂಟಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಬೇಕಾದಾಗ ಮಾತ್ರ ಕೀಳಿ. ಕಿತ್ತ ಮೇಲೆ 3ರಿಂದ 5 ನಿಮಿಷ ಗಾಳಿಗಿಟ್ಟು ನಂತರ ಹಾಕಿ.

ಕಂದು ಚೀಟಿಯ 312ನೇ ಸೆಲ್ ಸುಮಾರು ಒಂದು ವಾರ, ಕಿತ್ತಳೆ ಚೀಟಿಯ 13ನೇ ಸೆಲ್ ಹತ್ತು ದಿನದ ಆಸುಪಾಸು ಬರುತ್ತದೆ. ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ನಿಜಕ್ಕೂ ಬೇಗ ಮುಗಿಯುತ್ತಿದೆಯೇ ಎಂಬುದು ಆಗ ತಿಳಿಯುತ್ತದೆ.

ರಾತ್ರಿ ಸಾಧನವನ್ನು ಬಂದ್ ಮಾಡಿ ಸೆಲ್ಲಿನ ಬಾಗಿಲು ತೆರೆದಿಡಿ. ಸೆಲ್ ತೆಗೆದು, ಸಾಧನವನ್ನು ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಬಳಿ ಒಣಗಿಸಬೇಡಿ. ಸೆಲ್ಲನ್ನು ಫ್ರಿಜ್‌ನಲ್ಲೂ ಇಡಬೇಡಿ, ಹೊರತೆಗೆದಾಗ ನೀರ ಹನಿ ಕೂರುತ್ತದೆ.

ವುಝೂ ಮಾಡುವ ಮೊದಲು ಸಾಧನವನ್ನು ತೆಗೆದು ಒಣ ಜಾಗದಲ್ಲಿಡಿ. ಕೈ, ಕಿವಿ ಚೆನ್ನಾಗಿ ಒರೆಸಿಕೊಂಡ ಮೇಲೆ ಧರಿಸಿ. ದಿನಕ್ಕೆ ಹಲವು ಬಾರಿ ಒದ್ದೆ ಕೈ ತಾಗಿದರೆ ತೇವ ಒಳಗೇ ಉಳಿಯುತ್ತದೆ.

ಕಿವಿಗೆ ಹೋಗುವ ತುದಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಶಬ್ದ ಕುಗ್ಗುತ್ತದೆ, ಹಿರಿಯರು ಧ್ವನಿ ಏರಿಸುತ್ತಾರೆ, ಸೆಲ್ ಬೇಗ ಖಾಲಿಯಾಗುತ್ತದೆ. ಒಣ ಬಟ್ಟೆಯಿಂದ ದಿನವೂ ಒರೆಸಿ. ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡಿ, ಒಮ್ಮೆಗೇ ರಾಶಿ ಕೊಳ್ಳಬೇಡಿ. ನಾಣ್ಯ, ಬೀಗದ ಕೈಗಳ ಜೊತೆ ಜೇಬಿಗೆ ಹಾಕಬೇಡಿ.

ಇಷ್ಟಾದರೂ ಹೊಸ ಸೆಲ್‌ಗಳು ಒಂದೆರಡು ದಿನದಲ್ಲೇ ಮುಗಿದರೆ, ಅಥವಾ ಸೆಲ್ ಕೂರುವಲ್ಲಿ ಬಿಳಿ, ಹಸಿರು ಪುಡಿ ಕಂಡರೆ ಆಡಿಯಾಲಜಿಸ್ಟ್‌ಗೆ ತೋರಿಸಿ. ನೀವೇ ಕೆರೆಯಬೇಡಿ.

ಮುಗಿದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಗುಂಡಿಯಂಥ ಸೆಲ್ ನುಂಗಿದರೆ ಅಪಾಯ. ಅದರಲ್ಲೂ ರಿಮೋಟ್, ಆಟಿಕೆಗಳ 3 ವೋಲ್ಟ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಡಬಲ್ಲದು. ಮಗು ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ತಕ್ಷಣ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿರಿಯರ ಬೆರಳಿಗೆ ಇಷ್ಟು ಸಣ್ಣ ಸೆಲ್ ಹಿಡಿಯುವುದು ಕಷ್ಟ. ಸೆಲ್ ಬದಲಿಸುವ ಕೆಲಸವನ್ನು ಮನೆಯ ಹರೆಯದವರು ವಹಿಸಿಕೊಳ್ಳಲಿ.