ಭಾರಕ್ಕೆ ತಕ್ಕ ಟೈರು

ಗುಬ್ಬಿಯಿಂದ ತೆಂಗಿನಕಾಯಿ, ಕುಣಿಗಲ್ ಕಡೆಯಿಂದ ರಾಗಿ ಹೇರಿಕೊಂಡು ತುಮಕೂರಿಗೆ ಬರುವ ಪಿಕಪ್ ಗಾಡಿಗೆ ಎರಡು ಬಗೆಯ ದಾರಿ: ಮೊದಲು ಹೊಲ-ತೋಟದ ಮಣ್ಣು, ಆಮೇಲೆ ಕಾದ ಡಾಂಬರು. ಎರಡಕ್ಕೂ ಹೊಂದುವುದು ‘ಆಲ್ ಟೆರೇನ್’ ಟೈರು. ಆದರೆ ದಪ್ಪ ಬಟನ್ ನೋಡಿ ಮರುಳಾಗಬೇಡಿ. ಬಟನ್ ಹಿಡಿತ ಕೊಡುತ್ತದೆ, ಭಾರ ಹೊರುವುದಿಲ್ಲ.

ಟೈರಿನ ಪಕ್ಕದಲ್ಲಿ ಅಳತೆಯ ನಂತರ ಬರುವ ಅಂಕಿಯೇ ಭಾರದ ಸೂಚಿ. 100 ಎಂದಿದ್ದರೆ ಒಂದು ಟೈರು 800 ಕಿಲೋ ಹೊರಬಲ್ಲದು. 104 ಆದರೆ 900. 108 ಆದರೆ 1,000 ಕಿಲೋ.

ಹೇರು ತುಂಬಿದ ಗಾಡಿಯ ಹಿಂದಿನ ಚಕ್ರಗಳನ್ನಷ್ಟೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಹಿಂದೆ ಎರಡೇ ಟೈರಿದ್ದು 1,900 ಕಿಲೋ ಬಂತೆನ್ನಿ. ಒಂದೊಂದರ ಪಾಲು 950. ಆಗ 104ರ ಟೈರು ಸಾಲದು, 108 ಬೇಕು. ಅಳತೆ ಮಾತ್ರ ಕಂಪನಿ ಹೇಳಿದ್ದೇ ಇರಲಿ.

ಗಾಳಿ ಕಡಿಮೆಯಾದರೆ ಟೈರಿನ ಶಕ್ತಿಯೂ ಕುಗ್ಗುತ್ತದೆ. ಟೈರು ಕಾದು ಸಿಡಿಯುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಗಟ್ಟಿ ಟೈರು ಹಾಕಿಸಿದೆವೆಂದು ಆರ್.ಸಿ.ಯಲ್ಲಿರುವ ಮಿತಿ ಮೀರಿ ಹೇರಬೇಡಿ. ಅಚ್ಚು, ಬ್ರೇಕು ಹಳೆಯವೇ ತಾನೆ?

ತೂಗಿಸುವ ಅಲ್ಪ ಖರ್ಚಿಗೆ ಹಿಂಜರಿದರೆ, ಒಂದು ದಿನ ವರ್ಷದ ಫಸಲು ರಸ್ತೆಗೆ ಉರುಳೀತು. ಗಾಡಿಯಲ್ಲಿ ಕುಳಿತವರ ಜೀವಕ್ಕಂತೂ ಬೆಲೆ ಕಟ್ಟಲಾಗದು.