ಅಳಿಸಿಹೋಗಲೆಂದೇ ತಯಾರಿಸಿದ ಶಾಯಿ

ಹಣ ಪಡೆದುದಕ್ಕೆ ರಸೀದಿ ಬರೆದುಕೊಡುವಾಗ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಅಡ್ಡಲಾಗಿ, ಅರ್ಧ ಸ್ಟಾಂಪಿನ ಮೇಲೂ ಅರ್ಧ ಕಾಗದದ ಮೇಲೂ ಬರುವಂತೆ ಸಹಿ ಮಾಡುವುದನ್ನು ನೀವು ನೋಡಿದ್ದೀರಿ. ಹಾಗೇಕೆ ಮಾಡಬೇಕು? ಉತ್ತರ ಸರಳ. ಒಮ್ಮೆ ಬಳಸಿದ ಸ್ಟಾಂಪನ್ನು ಕಿತ್ತು ಇನ್ನೊಮ್ಮೆ ಬಳಸಬಾರದು. ಆದರೆ ಸಹಿಯನ್ನೇ ಅಳಿಸಿಬಿಟ್ಟರೆ? ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸರ್ಕಾರವನ್ನು ಬಹಳ ಕಾಡಿತು. ಅದಕ್ಕೆ ಪರಿಹಾರ ಒದಗಿಸಿದ ಲಂಡನ್ನಿನ ಒಂದು ಮುದ್ರಣ ಸಂಸ್ಥೆ ಮುಂದೆ ಅರ್ಧ ಪ್ರಪಂಚಕ್ಕೆ ಅಂಚೆಚೀಟಿ ಮತ್ತು ನೋಟುಗಳನ್ನು ಅಚ್ಚು ಹಾಕಿಕೊಟ್ಟಿತು. ಅದರ ಹೆಸರು ಡೆ ಲಾ ರೂ. ಸಾಮಾನ್ಯವಾಗಿ ಮುದ್ರಕರು ಎಂದೂ ಮಾಸದ ಶಾಯಿಗಾಗಿ ಹುಡುಕುತ್ತಾರೆ. ಈ ಸಂಸ್ಥೆ ಹುಡುಕಿದ್ದು ಸುಲಭವಾಗಿ ಕೆಟ್ಟುಹೋಗುವ ಶಾಯಿಯನ್ನು!

ಟೋಪಿಯಿಂದ ಇಸ್ಪೀಟಿಗೆ

ಸ್ಥಾಪಕ ಥಾಮಸ್ ಡೆ ಲಾ ರೂ ಹುಟ್ಟಿದ್ದು 1793ರಲ್ಲಿ, ಇಂಗ್ಲಿಷ್ ಕಾಲುವೆಯಲ್ಲಿರುವ ಗರ್ನ್ಸಿ ದ್ವೀಪದಲ್ಲಿ. ಬಾಲ್ಯದಲ್ಲೇ ಅಲ್ಲಿನ ಮುದ್ರಕನೊಬ್ಬನ ಬಳಿ ಕೆಲಸ ಕಲಿಯಲು ಸೇರಿದ. ಇಪ್ಪತ್ತರ ಹರೆಯದಲ್ಲಿ, 1813ರಲ್ಲಿ, ಫ್ರೆಂಚ್ ಭಾಷೆಯಲ್ಲಿ ಒಂದು ಪತ್ರಿಕೆ ಹೊರಡಿಸಿದ. ಆಮೇಲೆ ಲಂಡನ್ನಿಗೆ ಬಂದು ಹುಲ್ಲಿನ ಟೋಪಿ ತಯಾರಿಸುವ ವ್ಯಾಪಾರಕ್ಕೆ ಕೈಹಾಕಿದ. ಮುದ್ರಣದ ಚರಿತ್ರೆಯಲ್ಲಿ ಟೋಪಿಗೇನು ಕೆಲಸ ಎನ್ನಬೇಡಿ. ಟೋಪಿಯಿಂದ ಕಾಗದಕ್ಕೆ, ಕಾಗದದಿಂದ ಇಸ್ಪೀಟು ಎಲೆಗಳಿಗೆ ಅವನು ಹೊರಳಿದ. 1831ರಲ್ಲಿ ಇಸ್ಪೀಟು ಎಲೆಗಳ ಮುದ್ರಣದ ಸುಧಾರಣೆಗಾಗಿ ಪೇಟೆಂಟ್ ಪಡೆದ.

ಅಲ್ಲಿಯವರೆಗೆ ಇಸ್ಪೀಟು ಎಲೆಗಳ ರೇಖೆಗಳನ್ನು ಮರದ ಅಚ್ಚಿನಿಂದ ಒತ್ತಿ, ಬಣ್ಣವನ್ನು ಕೊರೆದ ತಗಡಿನ ಮೂಲಕ ಕೈಯಿಂದ ಬಳಿಯುತ್ತಿದ್ದರು. ಬಣ್ಣ ನೀರಿನಲ್ಲಿ ಕಲಸಿದ್ದು. ಬೆವರುವ ಕೈಗೆ ಅಂಟಿಕೊಳ್ಳುತ್ತಿತ್ತು. ಥಾಮಸ್ ಎಣ್ಣೆಯಲ್ಲಿ ಅರೆದ ಬಣ್ಣಗಳನ್ನು ಉಬ್ಬಚ್ಚಿನಿಂದ, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವಂತೆ ಮುದ್ರಿಸಿದ. ಲಂಡನ್ನಿನ ಬನ್‌ಹಿಲ್ ರೋ ಬೀದಿಯಲ್ಲಿದ್ದ ಅವನ ಕಾರ್ಖಾನೆ ಹೀಗೆ ಹೆಸರು ಮಾಡಿತು. 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದಂದು 'ಸನ್' ಪತ್ರಿಕೆಯ ವಿಶೇಷ ಸಂಚಿಕೆಯನ್ನು ಚಿನ್ನದ ಬಣ್ಣದಲ್ಲಿ ಮುದ್ರಿಸಿಕೊಟ್ಟದ್ದೂ ಇದೇ ಸಂಸ್ಥೆ.

ಥಾಮಸ್‌ನ ಮಗ ವಾರೆನ್ ಡೆ ಲಾ ರೂ (1815-1889) ಪ್ಯಾರಿಸಿನಲ್ಲಿ ಓದಿ ಬಂದು ತಂದೆಯ ಕಾರ್ಖಾನೆ ಸೇರಿದ. ಅವನಿಗೆ ಯಂತ್ರಗಳೆಂದರೆ ಪ್ರೀತಿ, ರಸಾಯನವಿಜ್ಞಾನವೆಂದರೆ ಇನ್ನೂ ಪ್ರೀತಿ. ರೋಲಂಡ್ ಹಿಲ್‌ನ ಅಣ್ಣ ಎಡ್ವಿನ್ ಹಿಲ್ ಜೊತೆಗೂಡಿ ಲಕೋಟೆ ಮಡಿಸುವ ಯಂತ್ರವೊಂದನ್ನು ರೂಪಿಸಿದ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಗಂಟೆಗೆ ಸುಮಾರು 2,700 ಲಕೋಟೆ ಮಡಿಸುತ್ತಿದ್ದ ಈ ಯಂತ್ರದ ಸುತ್ತ ಜನ ಮುತ್ತಿಕೊಂಡಿದ್ದರು.

ಎರಡು ಬಗೆಯ ಮೋಸ

ಈಗ ಅಂಚೆಚೀಟಿಯ ವಿಷಯಕ್ಕೆ ಬರೋಣ. ಪ್ರಪಂಚದ ಮೊದಲ ಅಂಚೆಚೀಟಿ, ಕಪ್ಪು ಬಣ್ಣದ ಒಂದು ಪೆನ್ನಿಯದು, 1840ರ ಮೇ ತಿಂಗಳಲ್ಲಿ ಬಳಕೆಗೆ ಬಂತು. ಅದನ್ನು ಮುದ್ರಿಸಿದ್ದು ಡೆ ಲಾ ರೂ ಅಲ್ಲ, ಪರ್ಕಿನ್ಸ್ ಬೇಕನ್ ಎಂಬ ಸಂಸ್ಥೆ. ಉಕ್ಕಿನ ಫಲಕದ ಮೇಲೆ ರಾಣಿಯ ಮುಖವನ್ನು ಕೂದಲೆಳೆಯಂಥ ಗೆರೆಗಳಲ್ಲಿ ಕೊರೆದು, ಆ ಗೆರೆಗಳ ತಗ್ಗಿನಲ್ಲಿ ಶಾಯಿ ತುಂಬಿ, ಒದ್ದೆ ಕಾಗದವನ್ನು ಬಲವಾಗಿ ಒತ್ತಿ ತೆಗೆಯುವ ವಿಧಾನ ಅದು. ಇದನ್ನು ಕೊರೆತ ಮುದ್ರಣ ಎನ್ನಬಹುದು. ಇಂಥ ಚಿತ್ರವನ್ನು ನಕಲು ಮಾಡುವುದು ಬಹಳ ಕಷ್ಟ.

ಆದರೆ ಸರ್ಕಾರಕ್ಕೆ ಮೋಸ ಮಾಡಲು ಎರಡು ದಾರಿಗಳಿವೆ. ಒಂದು, ಖೋಟಾ ಚೀಟಿ ಅಚ್ಚು ಹಾಕುವುದು. ಇನ್ನೊಂದು, ಬಳಸಿದ ಅಸಲಿ ಚೀಟಿಯ ಮೇಲಿನ ಠಸ್ಸೆಯನ್ನು ತೊಳೆದು ಮತ್ತೆ ಅಂಟಿಸುವುದು. ಮೊದಲನೆಯದಕ್ಕೆ ಅಚ್ಚುಕೂಟ ಬೇಕು, ಕುಶಲ ಕೆಲಸಗಾರ ಬೇಕು. ಎರಡನೆಯದಕ್ಕೆ ಒಂದು ಬಟ್ಟಲು, ಒಂದಿಷ್ಟು ದ್ರಾವಣ ಸಾಕು. ಕಪ್ಪು ಚೀಟಿಯ ಮೇಲೆ ಕೆಂಪು ಠಸ್ಸೆ ಹೊಡೆಯುತ್ತಿದ್ದರು. ಅದನ್ನು ತೆಗೆಯಬಹುದೆಂದು ಬೇಗನೆ ಗೊತ್ತಾಯಿತು. ಹಾಗಾಗಿ 1841ರಲ್ಲಿ ಚೀಟಿಯನ್ನು ಕೆಂಪಾಗಿಸಿ ಠಸ್ಸೆಯನ್ನು ಕಪ್ಪಾಗಿಸಿದರು. ಪ್ರಸಿದ್ಧವಾದ ಆ ಕಪ್ಪು ಚೀಟಿ ಒಂದು ವರ್ಷವೂ ಬಾಳಲಿಲ್ಲ.

ರೆವಿನ್ಯೂ ಸ್ಟಾಂಪುಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಅವನ್ನು ರದ್ದು ಮಾಡುತ್ತಿದ್ದುದು ಠಸ್ಸೆಯಿಂದಲ್ಲ, ಲೇಖನಿಯಿಂದ. ಅಂದಿನ ಬರೆಯುವ ಮಸಿಯನ್ನು ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ, ಎಂದರೆ ಕಬ್ಬಿಣದ ಸಲ್ಫೇಟು, ಬೆರೆಸಿ ತಯಾರಿಸುತ್ತಿದ್ದರು. ಕಾಗದದ ಮೇಲೆ ಅದು ಗಾಳಿಗೆ ಕಪ್ಪಾಗುತ್ತದೆ. ಆದರೆ ಆಕ್ಸಾಲಿಕ್ ಆಮ್ಲದ ದ್ರಾವಣ ತಾಗಿದರೆ ಅದರಲ್ಲಿರುವ ಕಬ್ಬಿಣ ಕರಗಿ, ಬರಹ ಮಾಯವಾಗುತ್ತದೆ. ಎಣ್ಣೆಯ ಶಾಯಿಯಲ್ಲಿ ಅಚ್ಚಾದ ಸ್ಟಾಂಪಿನ ಚಿತ್ರಕ್ಕೆ ಮಾತ್ರ ಆಮ್ಲದಿಂದ ಏನೂ ಆಗುವುದಿಲ್ಲ!

ಏಕೆ ಆಗುವುದಿಲ್ಲ ಎಂಬುದನ್ನು ಸ್ವಲ್ಪ ನೋಡಬೇಕು. ಮುದ್ರಣದ ಶಾಯಿ ಎಂದರೆ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣದ ಪುಡಿ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಕ್ಸಿಜನ್ನನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಟ್ಟಿಯಾದ ಪೊರೆಯೊಂದು ಉಂಟಾಗುತ್ತದೆ. ಬಣ್ಣದ ಕಣಗಳು ಆ ಪೊರೆಯೊಳಗೆ ಭದ್ರವಾಗಿರುತ್ತವೆ. ನೀರಾಗಲಿ ದುರ್ಬಲ ಆಮ್ಲವಾಗಲಿ ಅವನ್ನು ತಲುಪಲಾರವು. ಪುಸ್ತಕಕ್ಕೆ ಇದು ಒಳ್ಳೆಯ ಗುಣ. ಸ್ಟಾಂಪಿಗೆ ಇದೇ ದೋಷ.

ಮೋಸಗಾರನ ಜೊತೆಗೇ ಸಾಯುವ ಬಣ್ಣ

1853ರಲ್ಲಿ ಬ್ರಿಟಿಷ್ ಕಂದಾಯ ಇಲಾಖೆಗೆ ಒಂದು ಪೆನ್ನಿಯ ರಸೀದಿ ಸ್ಟಾಂಪುಗಳು ಬೇಕಾದವು. ಡೆ ಲಾ ರೂ ಮುಂದಿಟ್ಟ ಉಪಾಯ ಇದು: ಬರಹದ ಮಸಿಯನ್ನು ತೆಗೆಯುವ ಯಾವ ದ್ರಾವಣ ಹಾಕಿದರೂ ಅದರ ಜೊತೆಗೇ ಸ್ಟಾಂಪಿನ ಚಿತ್ರವೂ ಕೆಡಬೇಕು. ಇದಕ್ಕಾಗಿ ದ್ರಾವಣಗಳಿಗೆ ಸುಲಭವಾಗಿ ಬಲಿಯಾಗುವ ಬಣ್ಣಗಳನ್ನು ಆರಿಸಬೇಕು. ಅಂಥ ಶಾಯಿಯನ್ನು ಉಕ್ಕಿನ ಫಲಕದ ಸೂಕ್ಷ್ಮ ತಗ್ಗುಗಳಿಗಿಂತ ಇಸ್ಪೀಟು ಎಲೆಗಳಲ್ಲಿ ಪಳಗಿದ ಉಬ್ಬಚ್ಚಿನಲ್ಲಿ ಬಳಸುವುದು ಸುಲಭ. ಉಬ್ಬಚ್ಚಿಗೆ ಕಾಗದವನ್ನು ಒದ್ದೆ ಮಾಡಬೇಕಾಗಿಲ್ಲ ಎಂಬುದು ಇನ್ನೊಂದು ಅನುಕೂಲ. ಒದ್ದೆಯಾದ ಕಾಗದ ಒಣಗುವಾಗ ಒಂದೊಂದು ಹಾಳೆ ಒಂದೊಂದು ರೀತಿ ಕುಗ್ಗಿ, ಆಮೇಲೆ ರಂಧ್ರದ ಸಾಲುಗಳು ಚೀಟಿಯ ಅಂಚಿಗೆ ಸರಿಯಾಗಿ ಬೀಳುವುದಿಲ್ಲ.

ಅಚ್ಚಿನ ಫಲಕವನ್ನು ಮಾಡಿದ ರೀತಿಯೂ ಆ ಕಾಲಕ್ಕೆ ಹೊಸತು. ಮೊದಲು ಉಕ್ಕಿನ ಒಂದೇ ಒಂದು ಮೂಲ ಅಚ್ಚನ್ನು ಕೊರೆಯುತ್ತಿದ್ದರು. ಅದನ್ನು ಸೀಸದ ತುಂಡುಗಳಿಗೆ ಒತ್ತಿ ಒಂದು ಹಾಳೆಗೆ ಬೇಕಾದಷ್ಟು ಪಡಿಯಚ್ಚು ತೆಗೆದು ಜೋಡಿಸಿ, ತಾಮ್ರದ ಸಲ್ಫೇಟಿನ ದ್ರಾವಣದಲ್ಲಿಟ್ಟು ವಿದ್ಯುತ್ ಹರಿಸುತ್ತಿದ್ದರು. ಸೀಸದ ಮೇಲೆ ತಾಮ್ರದ ಪದರ ಕೂತು ಅಚ್ಚಿನ ಫಲಕ ಸಿದ್ಧವಾಗುತ್ತಿತ್ತು.

1855ರ ಜುಲೈ 31ರಂದು ಹೊರಬಂದ ನಾಲ್ಕು ಪೆನ್ನಿಯ ಕಿರಮಂಜಿ ಬಣ್ಣದ ಚೀಟಿ ಬ್ರಿಟನ್ನಿನ ಮೊದಲ ಉಬ್ಬಚ್ಚಿನ ಅಂಚೆಚೀಟಿ. ಇದರ ಕಾಗದದಲ್ಲಿ ಇನ್ನೊಂದು ಕಾವಲಿತ್ತು. ಕಾಗದಕ್ಕೆ ಪೊಟ್ಯಾಸಿಯಂ ಫೆರೊಸಯನೈಡನ್ನು ಸೇರಿಸಿದ್ದರು. ಲೇಖನಿಯ ಮಸಿಯ ಕಬ್ಬಿಣವನ್ನು ಆಮ್ಲದಿಂದ ಕರಗಿಸಿದೊಡನೆ ಅದು ಫೆರೊಸಯನೈಡಿನೊಡನೆ ವರ್ತಿಸಿ ಗಾಢ ನೀಲಿಯ ಪ್ರಷ್ಯನ್ ನೀಲಿಯಾಗುತ್ತದೆ. ಕಳ್ಳನನ್ನು ಅವನ ಕೈಯಿಂದಲೇ ಹಿಡಿಸಿಕೊಡುವ ಚಮತ್ಕಾರ! ತೊಂದರೆ ಎಂದರೆ, ಯಾರೂ ಮುಟ್ಟದಿದ್ದರೂ ಕಾಗದ ತಾನಾಗಿಯೇ ನೀಲಿಗಟ್ಟುತ್ತಿತ್ತು. ಹೀಗಾಗಿ ಇದನ್ನು ಬೇಗ ಕೈಬಿಟ್ಟು ಬಿಳಿ ಕಾಗದಕ್ಕೆ ಮರಳಿದರು.

ಇದೇ ನೀಲಿ ಕಾಗದ ನಮ್ಮ ದೇಶಕ್ಕೂ ಬಂತು. 1854ರಲ್ಲಿ ಭಾರತದ ಅಂಚೆಚೀಟಿಗಳನ್ನು ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ಥುಲಿಯರ್ ಎಂಬ ಅಧಿಕಾರಿ ನಕ್ಷೆ ಮುದ್ರಿಸುವ ಕಲ್ಲಚ್ಚಿನಲ್ಲೇ ತೆಗೆದಿದ್ದ. ಅರ್ಧ ಆಣೆಯ ಚೀಟಿಗೆ ಮೊದಲು ಆರಿಸಿದ್ದು ಕುಂಕುಮಗೆಂಪು. ಬ್ರಿಟನ್ನಿನಿಂದ ತರಿಸಿದ್ದ ಬಣ್ಣ ಮುಗಿದುಹೋದ್ದರಿಂದ ನೀಲಿಗೆ ಬದಲಿಸಬೇಕಾಯಿತು. ಮರುವರ್ಷವೇ ನಾಲ್ಕಾಣೆ ಮತ್ತು ಎಂಟಾಣೆ ಚೀಟಿಗಳನ್ನು ಡೆ ಲಾ ರೂ ಲಂಡನ್ನಿನಲ್ಲಿ ನೀಲಿ ಕಾಗದದ ಮೇಲೆ ಮುದ್ರಿಸಿ ಹಡಗಿನಲ್ಲಿ ಕಳಿಸಿತು. ಅಲ್ಲಿಂದ ಸುಮಾರು ಎಪ್ಪತ್ತು ವರ್ಷ, ನಾಸಿಕದ ಭದ್ರತಾ ಮುದ್ರಣಾಲಯ 1925ರಲ್ಲಿ ಆರಂಭವಾಗಿ ಕೆಲಸ ವಹಿಸಿಕೊಳ್ಳುವವರೆಗೆ, ನಮ್ಮ ಅಂಚೆಚೀಟಿ ಲಂಡನ್ನಿನಿಂದಲೇ ಬರುತ್ತಿತ್ತು.

ಅಚ್ಚುಕೂಟದ ವಿಜ್ಞಾನಿಗಳು

ಇಂಥ ಶಾಯಿಗಳ ಹಿಂದೆ ವಾರೆನ್ ಜೊತೆಗೆ ಹ್ಯೂಗೊ ಮುಲ್ಲರ್ ಎಂಬ ಜರ್ಮನ್ ರಸಾಯನವಿಜ್ಞಾನಿ ಇದ್ದ. ಅವನು 1854ರಲ್ಲಿ ಸಂಸ್ಥೆ ಸೇರಿದ. ಮುದ್ರಣಾಲಯವೊಂದು ತನ್ನದೇ ರಸಾಯನವಿಜ್ಞಾನಿಯನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಆ ಕಾಲದಲ್ಲಿ ಅಪರೂಪ. ವಾರೆನ್ ಕೂಡ ಹವ್ಯಾಸಿಯಷ್ಟೇ ಅಲ್ಲ. ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಕಿನೀಲ್ ಕೀಟದಿಂದ ಬರುವ ಕೆಂಪು ಬಣ್ಣದ ಮೂಲವಸ್ತುವಾದ ಕಾರ್ಮಿನಿಕ್ ಆಮ್ಲವನ್ನು ಕುರಿತು 1847ರಲ್ಲಿ ಅವನು ಸಂಶೋಧನೆ ಪ್ರಕಟಿಸಿದ್ದ. ಲಂಡನ್ನಿನ ಕೆಮಿಕಲ್ ಸೊಸೈಟಿಗೆ ಎರಡು ಸಲ ಅಧ್ಯಕ್ಷನಾಗಿದ್ದ.

ಖಗೋಳವಿಜ್ಞಾನದ ಓದುಗರಿಗೆ ಅವನ ಹೆಸರು ಬೇರೆ ಕಾರಣಕ್ಕೆ ಪರಿಚಿತ. ಲಕೋಟೆ ಯಂತ್ರವಿದ್ದ ಅದೇ 1851ರ ಪ್ರದರ್ಶನದಲ್ಲಿ ಅಮೆರಿಕದವರು ತೆಗೆದ ಚಂದ್ರನ ಛಾಯಾಚಿತ್ರವನ್ನು ಕಂಡು ಅವನು ಮರುಳಾದ. 13 ಅಂಗುಲ ವ್ಯಾಸದ ಪ್ರತಿಫಲನ ದೂರದರ್ಶಕದಿಂದ ತಾನೂ ಚಂದ್ರನನ್ನು ಸೆರೆಹಿಡಿಯತೊಡಗಿದ. 1860ರ ಜುಲೈ 18ರ ಪೂರ್ಣ ಸೂರ್ಯಗ್ರಹಣಕ್ಕೆ ಸ್ಪೇನಿನ ರಿವಬೆಲ್ಲೋಸ ಎಂಬ ಹಳ್ಳಿಗೆ ಹೋಗಿ ಚಿತ್ರ ತೆಗೆದ. ಅಲ್ಲಿಂದ ದೂರದ ಕರಾವಳಿಯಲ್ಲಿ ಇಟಲಿಯ ಸೆಕ್ಕಿ ತೆಗೆದ ಚಿತ್ರಗಳೊಂದಿಗೆ ಹೋಲಿಸಿದಾಗ, ಗ್ರಹಣದ ವೇಳೆ ಕಾಣುವ ಕೆಂಪು ಚಾಚಿಕೆಗಳು ಚಂದ್ರನದ್ದಲ್ಲ, ಸೂರ್ಯನದೇ ಎಂಬುದು ಖಚಿತವಾಯಿತು. ಬೆಳ್ಳಿಯ ಲವಣಗಳು ಬೆಳಕಿಗೆ ಬದಲಾಗುವುದನ್ನು ನೆಚ್ಚಿದ ಛಾಯಾಗ್ರಹಣಕ್ಕೂ ಬಣ್ಣಗಳು ದ್ರಾವಣಕ್ಕೆ ಬದಲಾಗುವುದನ್ನು ನೆಚ್ಚಿದ ಶಾಯಿಗೂ ಬೇಕಾದ ಬುದ್ಧಿ ಒಂದೇ ಎಂದು ನನಗನ್ನಿಸುತ್ತದೆ.

ಉಳಿದದ್ದು ಎರಡೇ ಬಣ್ಣ

ಲೇಖನಿಯ ಮಸಿಯ ವಿಷಯವೇನೋ ಬಗೆಹರಿಯಿತು. ಅಂಚೆಯ ಠಸ್ಸೆ ಎಣ್ಣೆಯ ಕಪ್ಪಿನದು. ಅದನ್ನು ತೆಗೆಯುವ ದ್ರಾವಣಗಳು ಬೇರೆ. 1881ರಲ್ಲಿ ಬ್ರಿಟಿಷ್ ಸರ್ಕಾರ ಅಂಚೆಗೂ ರಸೀದಿಗೂ ಒಂದೇ ಒಂದು ಪೆನ್ನಿಯ ಚೀಟಿ ಸಾಕೆಂದು ತೀರ್ಮಾನಿಸಿತು. ಈಗ ಅದೇ ಚೀಟಿ ಕೆಲವು ಸಲ ಲೇಖನಿಯಿಂದ, ಕೆಲವು ಸಲ ಠಸ್ಸೆಯಿಂದ ರದ್ದಾಗುವಂಥದ್ದು. ಎರಡೂ ಬಗೆಯ ದ್ರಾವಣಗಳಿಗೆ ಕೆಡುವ ಶಾಯಿ ಬೇಕಾಯಿತು. ಅಂಥ 'ಇಮ್ಮಡಿ ಅಳಿಯುವ' ಶಾಯಿಯನ್ನು ಡೆ ಲಾ ರೂ ಎರಡೇ ಬಣ್ಣಗಳಲ್ಲಿ ಕೊಡಬಲ್ಲದಾಗಿತ್ತು: ನಸುನೇರಳೆ ಮತ್ತು ಹಸಿರು.

ಪೆನ್ನಿ ಚೀಟಿ ನಸುನೇರಳೆಯಾಯಿತು. ಇಪ್ಪತ್ತು ವರ್ಷಗಳಲ್ಲಿ ಅದು ಸುಮಾರು 3,300 ಕೋಟಿ ಪ್ರತಿ ಅಚ್ಚಾಯಿತು. ಇದರಿಂದ ಉತ್ಸಾಹಗೊಂಡು 1883-84ರಲ್ಲಿ ಹೊಸ ಶ್ರೇಣಿಯನ್ನೂ ಇದೇ ಬಣ್ಣಗಳಲ್ಲಿ ತಂದರು. ಒಂದೂವರೆ ಪೆನ್ನಿಯಿಂದ ಮೂರು ಪೆನ್ನಿಯವರೆಗೆ ಎಲ್ಲವೂ ನಸುನೇರಳೆ. ನಾಲ್ಕು ಪೆನ್ನಿಯಿಂದ ಒಂದು ಷಿಲಿಂಗಿನವರೆಗೆ ಎಲ್ಲವೂ ಹಸಿರು. ರಸಾಯನವಿಜ್ಞಾನ ಗೆದ್ದಿತು, ಅಂಚೆ ಗುಮಾಸ್ತ ಸೋತ. ದೀಪದ ಬೆಳಕಿನಲ್ಲಿ ಸಾವಿರಾರು ಕಾಗದ ವಿಂಗಡಿಸುವವನಿಗೆ ಎರಡು ಪೆನ್ನಿ ಯಾವುದು, ಮೂರು ಪೆನ್ನಿ ಯಾವುದು ಎಂದು ಹೇಗೆ ತಿಳಿಯಬೇಕು? ದೂರುಗಳು ಹೆಚ್ಚಿ, 1884ರಲ್ಲಿ ಸಮಿತಿಯೊಂದು ಕೂತು, ಕೊನೆಗೆ 1887ರ ಜನವರಿ 1ರಂದು ಬೇರೆ ಶ್ರೇಣಿ ಬಂತು. ಅದರಲ್ಲಿ ಎರಡೆರಡು ಬಣ್ಣಗಳನ್ನು ಕೂಡಿಸಿ, ಕೆಲವಕ್ಕೆ ಬಣ್ಣದ ಕಾಗದ ಬಳಸಿ ವ್ಯತ್ಯಾಸ ತೋರಿಸಿದರು. ಮೋಸಗಾರನನ್ನು ತಡೆಯುವ ಭರದಲ್ಲಿ ಪ್ರಾಮಾಣಿಕರಿಗೆ ಕಷ್ಟ ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು.

ನೀವು ಅಂಚೆಚೀಟಿ ಸಂಗ್ರಹಿಸುವವರಾದರೆ ಒಂದು ಎಚ್ಚರಿಕೆ. ವಿಕ್ಟೋರಿಯಾ ಅಥವಾ ಏಳನೆಯ ಎಡ್ವರ್ಡನ ಮುಖವಿರುವ, ಬ್ರಿಟನ್ನಿನ ಇಲ್ಲವೆ ಅದರ ವಸಾಹತುಗಳ ಹಸಿರು ಹಾಗೂ ನೇರಳೆ ಚೀಟಿಗಳನ್ನು ಲಕೋಟೆಯಿಂದ ಬಿಡಿಸಲು ನೀರಿನಲ್ಲಿ ನೆನೆಹಾಕಬೇಡಿ. ನೀರೇ ಸಾಕು, ಹಸಿರು ಹಳದಿಗೆ ತಿರುಗಬಹುದು, ನೇರಳೆ ಮಂಕಾಗಬಹುದು. ನೂರಿಪ್ಪತ್ತು ವರ್ಷಗಳ ಮೇಲೂ ಆ ಶಾಯಿ ತನ್ನ ಕೆಲಸ ಮರೆತಿಲ್ಲ.

ನೋಟುಗಳ ಕಡೆಗೆ

ಈ ನಡುವೆ ಸಂಸ್ಥೆ 1860ರಲ್ಲಿ ಮಾರಿಷಸ್‌ಗಾಗಿ ನೋಟುಗಳನ್ನು ಮುದ್ರಿಸಿತ್ತು. 1862ರಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ದಕ್ಷಿಣದ ಒಕ್ಕೂಟಕ್ಕೂ ಅಂಚೆಚೀಟಿ ಅಚ್ಚು ಹಾಕಿಕೊಟ್ಟಿತು. ಹತ್ತಾರು ವಸಾಹತುಗಳಿಗೆ ರಾಣಿಯ ಮುಖದ ಒಂದೇ ಫಲಕ ಬಳಸಿ, ದೇಶದ ಹೆಸರು ಮತ್ತು ಬೆಲೆಯನ್ನಷ್ಟೇ ಬೇರೆ ಫಲಕದಿಂದ ಒತ್ತುವ ಪದ್ಧತಿಯಿಂದ ಖರ್ಚು ತಗ್ಗಿತು. ಪುಟ್ಟ ದ್ವೀಪಗಳಿಗೂ ಸ್ವಂತ ಅಂಚೆಚೀಟಿ ದಕ್ಕಿತು. ವಾರೆನ್ 1880ರಲ್ಲಿ ವ್ಯವಹಾರದಿಂದ ನಿವೃತ್ತನಾದ. 1910ರ ಕೊನೆಗೆ ಬ್ರಿಟನ್ನಿನ ಅಂಚೆಚೀಟಿಯ ಗುತ್ತಿಗೆ ಕೈತಪ್ಪಿ ಹ್ಯಾರಿಸನ್ ಅಂಡ್ ಸನ್ಸ್ ಸಂಸ್ಥೆಯ ಪಾಲಾಯಿತು. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಬನ್‌ಹಿಲ್ ರೋ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಅಷ್ಟು ಹೊತ್ತಿಗೆ ಸಂಸ್ಥೆಯ ಮುಖ್ಯ ಕಸುಬು ನೋಟಿನ ಮುದ್ರಣವಾಗಿತ್ತು.

ಆ ಹೆಸರು ಕನ್ನಡ ನಾಡಿಗೂ ಬಂದದ್ದು ನೋಟಿನ ಮೂಲಕವೇ. 1965ರಲ್ಲಿ ಡೆ ಲಾ ರೂ ಸ್ವಿಟ್ಜರ್ಲೆಂಡಿನ ಜಿಯೋರಿ ಎಂಬ ಮುದ್ರಣ ಯಂತ್ರಗಳ ಸಂಸ್ಥೆಯೊಂದಿಗೆ ಕೈಜೋಡಿಸಿತು. ಹೀಗೆ ಹುಟ್ಟಿದ 'ಡೆ ಲಾ ರೂ ಜಿಯೋರಿ'ಯೇ ಭಾರತೀಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಮೈಸೂರಿನಲ್ಲಿ ಕಟ್ಟಿದ ನೋಟು ಮುದ್ರಣಾಲಯಕ್ಕೆ ಯಂತ್ರಗಳನ್ನು ಒದಗಿಸಿತು. 1996ರ ಜೂನ್ 1ರಂದು ಅಲ್ಲಿ ಮುದ್ರಣ ಆರಂಭವಾಯಿತು. ಹೊಸ ನೂರು ರೂಪಾಯಿ ನೋಟಿನಲ್ಲಿರುವ ಗಾಂಧೀಜಿಯ ಚಿತ್ರದ ಮೇಲೆ ಬೆರಳಾಡಿಸಿ ನೋಡಿ. ತರಿತರಿಯಾಗಿ ತಾಗುತ್ತದೆ. ಅದು ಕೊರೆತ ಮುದ್ರಣದ ಗುರುತು. 1840ರಲ್ಲಿ ಪರ್ಕಿನ್ಸ್ ಬೇಕನ್ ಕಪ್ಪು ಪೆನ್ನಿಗೆ ಬಳಸಿದ ಅದೇ ಬಗೆ. ನೋಟನ್ನು ಯಾರೂ ಠಸ್ಸೆ ಹೊಡೆದು ರದ್ದು ಮಾಡುವುದಿಲ್ಲ. ಅದು ಸಾವಿರ ಕೈ ದಾಟಬೇಕು, ಬೆವರಿಗೂ ಮಳೆಗೂ ತಡೆಯಬೇಕು. ಆದ್ದರಿಂದ ಅದರ ಶಾಯಿ ಅಳಿಯುವಂತಿಲ್ಲ.