ಬೋಕಿಯ ಮೇಲಿನ ಮುದ್ರೆ

ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಾಗಲಿ, ಚಿತ್ರದುರ್ಗದ ಬಳಿಯಲ್ಲಾಗಲಿ ನೇಗಿಲಿಗೆ ಬೋಕಿ ಸಿಕ್ಕರೆ ರೈತನು ಅದನ್ನು ಬದುವಿನಾಚೆ ಎಸೆಯುವುದು ಸಹಜ. ಆದರೆ ದಕ್ಷಿಣ ಭಾರತದ ಪ್ರಾಚೀನ ವಾಣಿಜ್ಯದ ಕಾಲನಿರ್ಣಯಕ್ಕೆ ಇಂತಹ ಬೋಕಿಗಳೇ ಆಧಾರವಾದವು. ಅವುಗಳ ಬೆಲೆಯನ್ನು ಬಲ್ಲ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಈ ನಾಡಿಗೆ ಬರುವ ಮುನ್ನ, 1930ರಿಂದ 1933ರವರೆಗೆ, ಪತ್ನಿ ಟೆಸ್ಸಾ ಅವರೊಡನೆ ಬ್ರಿಟನ್ನಿನ ರೋಮನ್ ಪಟ್ಟಣ ವೆರುಲೇಮಿಯಂನಲ್ಲಿ ಉತ್ಖನನ ನಡೆಸಿದ್ದರು.

ಲಂಡನ್ನಿನಿಂದ ಆ ಪಟ್ಟಣಕ್ಕೆ ಹೋಗುವ ವಾಟ್ಲಿಂಗ್ ಸ್ಟ್ರೀಟ್ ಎಂಬ ರೋಮನ್ ಹೆದ್ದಾರಿಯ ಬದಿಯಲ್ಲಿ, ಬ್ರಾಕ್ಲಿ ಹಿಲ್ ಎಂಬಲ್ಲಿ, ಕ್ರಿ.ಶ. 1 ಮತ್ತು 2ನೆಯ ಶತಮಾನಗಳಲ್ಲಿ ಕುಂಬಾರರ ಆವಿಗೆಗಳಿದ್ದವು. ಒಳಮೈಗೆ ಹರಳು ಒತ್ತಿದ, ನಮ್ಮ ಒರಳಿನಂತೆ ಅರೆಯಲು ಬಳಸುವ ದಪ್ಪ ಬೋಗುಣಿ ಅವರ ಮುಖ್ಯ ಸರಕು. ಭಾರವಾದ ಮಾಲಿಗೆ ಸಾಗಾಣಿಕೆಯ ವೆಚ್ಚವೇ ದೊಡ್ಡದು. ರಸ್ತೆಯ ಬದಿಯಲ್ಲೇ ಆವಿಗೆ ಹೂಡಿದ್ದು ಜಾಣತನ. ಬೋಗುಣಿಯ ಅಂಚಿನಲ್ಲಿ ಕುಂಬಾರನು ತನ್ನ ಹೆಸರನ್ನು ಒತ್ತುತ್ತಿದ್ದನು. ಆಲ್ಬಿನಸ್‌ನ ಮಗ ಮಾಟುಜೆನಸ್ ಎಂಬ ಮುದ್ರೆಯೂ ದೊರೆತಿದೆ. ಕಸುಬು ತಂದೆಯಿಂದ ಮಗನಿಗೆ ಇಳಿದದ್ದು ಅದರಿಂದ ತಿಳಿಯುತ್ತದೆ. (ನಮ್ಮಲ್ಲಿ ಟ್ರೇಡ್ ಮಾರ್ಕ್ ಕಾಯಿದೆ ಬಂದದ್ದು 1940ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.)

1945ರಲ್ಲಿ, ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ವೀಲರ್ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆಸಿದಾಗ ಇಟಲಿಯ ಅರೆಜ್ಜೋ ಶೈಲಿಯ ಕೆಂಪು ತಟ್ಟೆಗಳ ಚೂರುಗಳು ಸಿಕ್ಕವು. ತಯಾರಕರ ಮುದ್ರೆಗಳ ಅಧ್ಯಯನದಿಂದ ಈ ಸರಕಿನ ಕಾಲ ಯುರೋಪಿನಲ್ಲಿ ಮೊದಲೇ ಇತ್ಯರ್ಥವಾಗಿತ್ತು. ಅದೇ ನೆಲೆಯಲ್ಲಿ, ಒಳತಳದಲ್ಲಿ ಚಿಕ್ಕ ಗೀರುಗಳ ವರ್ತುಲಗಳುಳ್ಳ ನುಣುಪಾದ ರೂಲೆಟೆಡ್ ತಟ್ಟೆಗಳೂ ದೊರೆತವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಂತಹವೇ ತಟ್ಟೆಗಳು ಕಂಡಾಗ ಅಲ್ಲಿನ ಪದರಗಳ ಕಾಲವೂ ಗೊತ್ತಾಯಿತು. ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಮೊದಲೇ ಅಗೆಸಿದ್ದರು. ಅಲ್ಲಿ ದೊರೆತ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಈ ಲೆಕ್ಕಕ್ಕೆ ವೋಚರಿನಂತೆ ಒದಗಿದವು.

ಆದರೆ ಒಂದು ಬಾಬು ತಪ್ಪು ಖಾತೆಗೆ ಜಮೆಯಾಗಿತ್ತು. ರೂಲೆಟೆಡ್ ತಟ್ಟೆಗಳನ್ನು ವಿದೇಶದ್ದು, ಇಲ್ಲವೇ ವಿದೇಶಿ ತಂತ್ರದ ಅನುಕರಣೆ ಎಂದು ಬಹುಕಾಲ ಎಣಿಸಲಾಯಿತು. ಅನಂತರದ ಮಣ್ಣಿನ ಪರೀಕ್ಷೆಗಳು ಅವು ಭಾರತ ಉಪಖಂಡದ್ದೇ ಸರಕೆಂದು, ಬಹುಮಟ್ಟಿಗೆ ಗಂಗೆಯ ಕೆಳ ಬಯಲಿನದೆಂದು ತೋರಿಸಿವೆ. ಅವುಗಳ ಆರಂಭವೂ ರೋಮನ್ ವ್ಯಾಪಾರಕ್ಕಿಂತ ಹಿಂದಿನದೆಂದು ಈಗ ಒಪ್ಪಲಾಗಿದೆ. ಅರೆಜ್ಜೋ ಮಾಲಿನ ಮೇಲೆ ತಯಾರಕನ ಹೆಸರಿತ್ತು, ಈ ತಟ್ಟೆಗಳ ಮೇಲೆ ಇರಲಿಲ್ಲ. ಚಂದ್ರವಳ್ಳಿಯಲ್ಲೇ ದೊರೆತ ಸೀಸದ ನಾಣ್ಯಗಳಿಂದ ಮಹಾರಥಿ ಸದಕಣನ ಹೆಸರು ತಿಳಿದಿದೆ. ಕಾವಿ ಲೇಪವೂ ಬಿಳಿಗೆರೆಗಳೂ ಉಳ್ಳ ಅಲ್ಲಿನ ಮಡಕೆಗಳನ್ನು ಮಾಡಿದವರ ಹೆಸರು ತಿಳಿದಿಲ್ಲ.